ವಾಣಿಜ್ಯ ಮತ್ತು ನಿರ್ವಹಣಾ ವಿಷಯಗಳಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ: ಚಿಕ್ಕಬಳ್ಳಾಪುರ ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಈ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಅವಧಿಯಲ್ಲಿಯೇ 1913ರಲ್ಲಿ ಮೈಸೂರು ಬ್ಯಾಂಕ್ ಮತ್ತು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಗೊಂಡವು. ವ್ಯಾಪಾರ ಮತ್ತು ಉನ್ನತ ಶಿಕ್ಷಣ ಜೊತೆಯಾಗಿ ಬೆಳೆಯಬೇಕೆಂಬ ಆ ಕಾಲದ ಆಲೋಚನೆ ಇಂದಿಗೂ ಪ್ರಸ್ತುತವಾಗಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಬಿ.ಕಾಂ. ಮುಗಿಸಿ, ಎಂ.ಕಾಂ. ಅಥವಾ ಎಂ.ಬಿ.ಎ. ಪಡೆದ ಯುವಜನರು ಮುಂದೆ ಸಂಶೋಧನಾ ಪದವಿಗೆ ಸೇರಲು ಬಯಸುವುದು ಸಹಜ.

ಆದರೆ ಪಿಎಚ್.ಡಿ. ಪ್ರವೇಶವು ಸ್ನಾತಕೋತ್ತರ ಪ್ರವೇಶದಂತೆ ಕೇವಲ ಅಂಕಗಳ ಆಧಾರದಿಂದ ನಡೆಯುವುದಿಲ್ಲ. ಅರ್ಜಿ ಸಲ್ಲಿಸಲು ವಿಶ್ವವಿದ್ಯಾಲಯಗಳು ನೀಡುವ ಕಾಲಾವಕಾಶ ಕೆಲವೇ ವಾರಗಳು. ಅಧಿಸೂಚನೆ ಹೊರಬಿದ್ದ ನಂತರ ಪ್ರಮಾಣಪತ್ರಕ್ಕಾಗಿ, ಮಾರ್ಗದರ್ಶಕರಿಗಾಗಿ, ವಿಷಯಕ್ಕಾಗಿ ಓಡಾಡುವವರು ಅರ್ಹತೆ ಇದ್ದರೂ ಒಂದು ವರ್ಷವನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಅವಸರದಲ್ಲಿ ಮಧ್ಯವರ್ತಿಗಳ ಮಾತಿಗೆ ಒಳಗಾದವರು ಹಣವನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ಅಧಿಸೂಚನೆಗೆ ಮೊದಲೇ ಪೂರೈಸಬೇಕಾದ ಸಿದ್ಧತೆಗಳನ್ನು ಕ್ರಮವಾಗಿ ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ಪಿಎಚ್.ಡಿ. ಯಾರಿಗೆ ಅಗತ್ಯ

ಅಭ್ಯರ್ಥಿಗಳು ಮೊದಲು ತಮ್ಮ ಉದ್ದೇಶವನ್ನು ಸ್ಪಷ್ಟಪಡಿಸಿಕೊಳ್ಳುವುದು ಸೂಕ್ತ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಇಲ್ಲದೆ ಅರ್ಜಿ ಹಾಕುವಂತಿಲ್ಲ ಎಂಬ ತಪ್ಪು ತಿಳುವಳಿಕೆ ಅನೇಕರಲ್ಲಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2023ರ ಜುಲೈ 1ರಿಂದ ಜಾರಿಗೆ ತಂದ ತಿದ್ದುಪಡಿಯ ಪ್ರಕಾರ, ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕವಾಗಿದೆ. ಆದುದರಿಂದ ಬೋಧನಾ ವೃತ್ತಿಗೆ ಸೇರುವುದಷ್ಟೇ ಗುರಿಯಾಗಿದ್ದಲ್ಲಿ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯ ಸಿದ್ಧತೆಗೆ ಆದ್ಯತೆ ನೀಡಬಹುದು.

ಸಹ ಪ್ರಾಧ್ಯಾಪಕ ಮತ್ತು ಅದಕ್ಕೂ ಮೇಲಿನ ಹುದ್ದೆಗಳನ್ನು ಬಯಸುವವರಿಗೆ, ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸ ಮಾಡಲು ಇಚ್ಛಿಸುವವರಿಗೆ ಹಾಗೂ ಒಂದು ಸಮಸ್ಯೆಯನ್ನು ಕನಿಷ್ಠ ಮೂರು ವರ್ಷ ಬಿಡದೆ ಅಧ್ಯಯನ ಮಾಡುವ ಆಸಕ್ತಿ ಇರುವವರಿಗೆ ಪಿಎಚ್.ಡಿ. ಸೂಕ್ತವಾಗಿದೆ.

3. ಶೈಕ್ಷಣಿಕ ಅರ್ಹತೆ

ದೇಶದಲ್ಲಿ ಪಿಎಚ್.ಡಿ. ಪ್ರವೇಶ ಮತ್ತು ಪ್ರದಾನಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರ್‌ನಲ್ಲಿ ಹೊರಡಿಸಿದ ವಿನಿಯಮಗಳು ಆಧಾರವಾಗಿವೆ. ಅದರಂತೆ ಈ ಕೆಳಕಂಡವರು ಅರ್ಜಿ ಸಲ್ಲಿಸಲು ಅರ್ಹರು.

ಅ) ಮೂರು ವರ್ಷಗಳ ಪದವಿಯ ನಂತರ ಎರಡು ವರ್ಷಗಳ, ಅಥವಾ ನಾಲ್ಕು ವರ್ಷಗಳ ಪದವಿಯ ನಂತರ ಒಂದು ವರ್ಷದ ಸ್ನಾತಕೋತ್ತರ ಪದವಿಯನ್ನು ಕನಿಷ್ಠ ಶೇ. 55 ಅಂಕಗಳೊಂದಿಗೆ ಪಡೆದವರು.

ಆ) ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ಪದವಿಯನ್ನು ಒಟ್ಟಾರೆ ಕನಿಷ್ಠ ಶೇ. 75 ಅಂಕಗಳೊಂದಿಗೆ ಪಡೆದವರು.

ಇ) ಈ ಹಿಂದೆ ಎಂ.ಫಿಲ್. ಪದವಿಯನ್ನು ಕನಿಷ್ಠ ಶೇ. 55 ಅಂಕಗಳೊಂದಿಗೆ ಪಡೆದವರು. 2022ರ ವಿನಿಯಮಗಳ ನಂತರ ಎಂ.ಫಿಲ್. ಹೊಸದಾಗಿ ನೀಡುವಂತಿಲ್ಲ. ಅದಕ್ಕೂ ಮೊದಲು ಪಡೆದ ಪದವಿಗೆ ಬಾಧೆ ಇಲ್ಲ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ಅಂಗವಿಕಲ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದ ಅಭ್ಯರ್ಥಿಗಳಿಗೆ ಮೇಲ್ಕಂಡ ಅಂಕಗಳಲ್ಲಿ ಶೇ. 5ರ ಸಡಿಲಿಕೆ ಇದೆ. ಪಿಎಚ್.ಡಿ. ಪ್ರವೇಶಕ್ಕೆ ಆಯೋಗವು ಗರಿಷ್ಠ ವಯೋಮಿತಿಯನ್ನು ನಿಗದಿಪಡಿಸಿಲ್ಲ.

ರಾಜ್ಯದಲ್ಲಿ 2021-22ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯ ಬದಲು 2024-25ರಿಂದ ಮತ್ತೆ ಮೂರು ವರ್ಷಗಳ ಪದವಿ ಜಾರಿಗೆ ಬಂದಿದೆ. ಆದ್ದರಿಂದ ಮೇಲಿನ 'ಆ' ಅವಕಾಶವು ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದು, ನಾಲ್ಕನೆಯ ವರ್ಷವನ್ನೂ ಪೂರ್ಣಗೊಳಿಸಿದವರಿಗೆ ಮುಖ್ಯವಾಗಿ ಅನ್ವಯವಾಗುತ್ತದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬಂದವರು ಸ್ನಾತಕೋತ್ತರ ಪದವಿಯನ್ನು ಪಡೆಯತಕ್ಕದ್ದು.

ಶೇ. 54.9 ಅಂಕಗಳನ್ನು ಶೇ. 55 ಎಂದು ಪರಿಗಣಿಸಲಾಗುವುದೆಂದು ಭಾವಿಸಬಾರದು. ನೆಟ್ ಪರೀಕ್ಷೆಯ ಮಾಹಿತಿ ಪುಸ್ತಕದಲ್ಲಿ ಅಂಕಗಳನ್ನು ಪೂರ್ಣಾಂಕಕ್ಕೆ ಏರಿಸತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ತಿಳಿಸಲಾಗಿದೆ. ಅಂಕಪಟ್ಟಿಯಲ್ಲಿ ಗ್ರೇಡ್ ಮಾತ್ರ ಇದ್ದಲ್ಲಿ, ಪದವಿ ನೀಡಿದ ವಿಶ್ವವಿದ್ಯಾಲಯದ ಸೂತ್ರದಂತೆ ಶೇಕಡಾವಾರು ಪರಿವರ್ತನಾ ಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು.

4. ವಾಣಿಜ್ಯವೋ ನಿರ್ವಹಣೆಯೋ

ವಾಣಿಜ್ಯಶಾಸ್ತ್ರ ಮತ್ತು ನಿರ್ವಹಣಾಶಾಸ್ತ್ರ ಎರಡು ಪ್ರತ್ಯೇಕ ವಿಷಯಗಳಾಗಿವೆ. ಸಾಮಾನ್ಯವಾಗಿ ಎಂ.ಕಾಂ. ಪದವೀಧರರು ವಾಣಿಜ್ಯ ವಿಭಾಗಕ್ಕೂ, ಎಂ.ಬಿ.ಎ. ಪದವೀಧರರು ನಿರ್ವಹಣಾ ವಿಭಾಗಕ್ಕೂ ಅರ್ಜಿ ಸಲ್ಲಿಸುತ್ತಾರೆ. ಒಂದು ವಿಷಯದ ಪದವೀಧರರನ್ನು ಮತ್ತೊಂದು ವಿಭಾಗವು ಸಂಬಂಧಿತ ವಿಷಯವೆಂದು ಪರಿಗಣಿಸುತ್ತದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ನಿಯಮಾವಳಿ ನಿರ್ಧರಿಸುತ್ತದೆ. ನೆಟ್ ಪರೀಕ್ಷೆಯಲ್ಲಿ ವಾಣಿಜ್ಯದ ವಿಷಯ ಸಂಕೇತ 08, ನಿರ್ವಹಣೆಯ ಸಂಕೇತ 17. ಪಿಎಚ್.ಡಿ.ಗೆ ಆಯ್ದುಕೊಳ್ಳುವ ವಿಷಯಕ್ಕೂ ನೆಟ್ ಬರೆಯುವ ವಿಷಯಕ್ಕೂ ಹೊಂದಾಣಿಕೆ ಇರುವಂತೆ ನೋಡಿಕೊಳ್ಳುವುದು ಒಳಿತು.

ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಅರ್ಹತೆ ಪಡೆದವರನ್ನು ನೆಟ್ ಬರೆಯುವ ಉದ್ದೇಶಕ್ಕಾಗಿ ಸ್ನಾತಕೋತ್ತರ ಪದವಿಗೆ ಸಮಾನರೆಂದು ಆಯೋಗವು 2021ರಲ್ಲಿ ಪರಿಗಣಿಸಿದೆ. ಪಿಎಚ್.ಡಿ. ಪ್ರವೇಶಕ್ಕೆ ಇದೇ ಸಮಾನತೆ ದೊರೆಯುವುದೇ ಎಂಬುದನ್ನು ಸಂಬಂಧಪಟ್ಟ ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

5. ಅರ್ಜಿ ಸಲ್ಲಿಸಬಹುದಾದ ಸಂಸ್ಥೆಗಳು

ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ವಿಭಜಿಸಿದ ನಂತರ, 2017ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿ ಕಾಲೇಜುಗಳು ಕೋಲಾರದ ಟಮಕದಲ್ಲಿ ಆಡಳಿತ ಕಚೇರಿ ಹೊಂದಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಆದರೆ ಪಿಎಚ್.ಡಿ. ಪ್ರವೇಶಕ್ಕೆ ಜಿಲ್ಲೆಯ ಗಡಿ ಇಲ್ಲ. ಬೆಂಗಳೂರು, ಮೈಸೂರು, ತುಮಕೂರು, ಕುವೆಂಪು, ಮಂಗಳೂರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮುಂತಾದ ಯಾವುದೇ ಮಾನ್ಯತೆ ಪಡೆದ ವಿಶ್ವವಿದ್ಯಾಲಯಕ್ಕೆ ಅಭ್ಯರ್ಥಿಗಳು ಅರ್ಜಿ ಸಲ್ಲಿಸಬಹುದು.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ನಿರ್ವಹಣಾ ವಿಷಯದಲ್ಲಿಯೂ ಸಂಶೋಧನಾ ಪದವಿ ನೀಡುತ್ತದೆ. ಇದರ ಸ್ನಾತಕೋತ್ತರ ಕೇಂದ್ರವೊಂದು ಮುದ್ದೇನಹಳ್ಳಿಯಲ್ಲಿಯೇ ಇದೆ. ಸದರಿ ವಿಶ್ವವಿದ್ಯಾಲಯದಲ್ಲಿ ಮಾನ್ಯತೆ ಪಡೆದ ಸಂಶೋಧನಾ ಕೇಂದ್ರಗಳ ಮೂಲಕ ನೋಂದಣಿ ನಡೆಯುವುದರಿಂದ, ಕೇಂದ್ರದ ಮಾನ್ಯತೆ ಮತ್ತು ಮಾರ್ಗದರ್ಶಕರ ಮಾನ್ಯತೆ ಎರಡನ್ನೂ ಪರಿಶೀಲಿಸಬೇಕಾಗುತ್ತದೆ.

ಚಿಕ್ಕಬಳ್ಳಾಪುರದಿಂದ ಸುಮಾರು 60 ಕಿ.ಮೀ. ದೂರದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ವಹಣಾ ಅಧ್ಯಯನ ವಿಭಾಗ ಹಾಗೂ 1973ರಲ್ಲಿ ಸ್ಥಾಪನೆಯಾದ ಭಾರತೀಯ ನಿರ್ವಹಣಾ ಸಂಸ್ಥೆ ಇವೆ. ಭಾರತೀಯ ನಿರ್ವಹಣಾ ಸಂಸ್ಥೆಗಳು ಮೊದಲು 'ಫೆಲೋ' ಎಂಬ ಬಿರುದನ್ನು ನೀಡುತ್ತಿದ್ದವು. 2017ರ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ನಂತರ ಪಿಎಚ್.ಡಿ. ಪದವಿ ನೀಡುವ ಅಧಿಕಾರ ಪಡೆದವು. ಇಲ್ಲಿ ಕ್ಯಾಟ್, ಜಿಮ್ಯಾಟ್, ಜಿಆರ್‌ಇ ಮುಂತಾದ ಪರೀಕ್ಷೆಗಳ ಅಂಕ ಹಾಗೂ ಸಂದರ್ಶನದ ಆಧಾರದಿಂದ ಆಯ್ಕೆ ನಡೆಯುತ್ತದೆ. ಆಯ್ಕೆಯಾದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಆರ್ಥಿಕ ನೆರವಿನ ವ್ಯವಸ್ಥೆ ಇದೆ. ಸ್ಪರ್ಧೆ ಹೆಚ್ಚಾಗಿದ್ದರೂ, ಗ್ರಾಮೀಣ ಕಾಲೇಜಿನಲ್ಲಿ ಓದಿದ ಕಾರಣಕ್ಕೆ ಅಭ್ಯರ್ಥಿಗಳು ಈ ಸಂಸ್ಥೆಗಳಿಗೆ ಅರ್ಜಿಯನ್ನೇ ಸಲ್ಲಿಸದೆ ಉಳಿಯುವುದು ಸರಿಯಲ್ಲ.

6. ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ

ವಿಶ್ವವಿದ್ಯಾಲಯಗಳು ಎರಡು ಮಾರ್ಗಗಳಲ್ಲಿ ಪ್ರವೇಶ ನೀಡುತ್ತವೆ. ಅಧಿಸೂಚನೆಯಲ್ಲಿ ಯಾವ ಮಾರ್ಗವನ್ನು ತಿಳಿಸಲಾಗಿದೆ ಎಂಬುದನ್ನು ಗಮನಿಸುವುದು.

ಮೊದಲನೆಯದು ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆ. ಪಠ್ಯಕ್ರಮದಲ್ಲಿ ಶೇ. 50 ಭಾಗ ಸಂಶೋಧನಾ ವಿಧಾನ, ಉಳಿದ ಶೇ. 50 ಭಾಗ ಆಯಾ ವಿಷಯಕ್ಕೆ ಸಂಬಂಧಿಸಿರುತ್ತದೆ. ಕನಿಷ್ಠ ಶೇ. 50 ಅಂಕ ಪಡೆದವರು ಸಂದರ್ಶನಕ್ಕೆ ಅರ್ಹರಾಗುತ್ತಾರೆ. ಮೀಸಲು ವರ್ಗದವರಿಗೆ ಶೇ. 5ರ ಸಡಿಲಿಕೆ ಇದೆ. ಅಂತಿಮ ಆಯ್ಕೆಯಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಮುಖ್ಯತೆ ನೀಡಲಾಗುತ್ತದೆ. ಎಂ.ಕಾಂ. ಪಠ್ಯವನ್ನು ಮಾತ್ರ ಓದಿಕೊಂಡು, ಮಾದರಿ ಆಯ್ಕೆ, ಪ್ರಾಕ್ಕಲ್ಪನೆ, ಸಂಖ್ಯಾಶಾಸ್ತ್ರದ ಪರೀಕ್ಷೆಗಳು ಮುಂತಾದ ಸಂಶೋಧನಾ ವಿಧಾನದ ಭಾಗವನ್ನು ಕಡೆಗಣಿಸಿದವರಿಗೆ ಪರೀಕ್ಷೆಯ ಅರ್ಧ ಭಾಗ ಕಠಿಣವಾಗುತ್ತದೆ.

ಎರಡನೆಯದು ನೆಟ್ ಪರೀಕ್ಷೆ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಇದನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ನಡೆಸುತ್ತದೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆಗಳಿಗೆ 100 ಅಂಕ, ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆಗಳಿಗೆ 200 ಅಂಕ. ಒಟ್ಟು ಅವಧಿ 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. 2024-25ನೇ ಸಾಲಿನಿಂದ ನೆಟ್ ಫಲಿತಾಂಶವು ಮೂರು ವರ್ಗಗಳಲ್ಲಿ ಪ್ರಕಟವಾಗುತ್ತದೆ.

ವರ್ಗ 1: ಕಿರಿಯ ಸಂಶೋಧನಾ ಫೆಲೋಶಿಪ್, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ.
ವರ್ಗ 2: ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ.
ವರ್ಗ 3: ಪಿಎಚ್.ಡಿ. ಪ್ರವೇಶ ಮಾತ್ರ.

ವರ್ಗ 1ರವರಿಗೆ ಸಂದರ್ಶನದ ಮೂಲಕ ಪ್ರವೇಶ ನೀಡಲಾಗುತ್ತದೆ. ವರ್ಗ 2 ಮತ್ತು 3ರವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಮುಖ್ಯತೆ ಇರುತ್ತದೆ. ಇವರ ನೆಟ್ ಅಂಕಗಳು ಪಿಎಚ್.ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ಮಾನ್ಯವಾಗಿರುತ್ತವೆ. ಈ ಒಂದು ವರ್ಷದ ಅವಧಿಯನ್ನು ಗಮನಿಸದಿದ್ದಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಗುವುದು.

ಭಾಷಾ ವಿಷಯಗಳನ್ನು ಹೊರತುಪಡಿಸಿ ನೆಟ್ ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿಗಳು ಲೆಕ್ಕಶಾಸ್ತ್ರ, ತೆರಿಗೆ, ಹಣಕಾಸು ಮತ್ತು ಸಂಶೋಧನಾ ವಿಧಾನದ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಮೊದಲಿನಿಂದಲೇ ಅಭ್ಯಾಸ ಮಾಡಿಕೊಳ್ಳುವುದು ಅವಶ್ಯ.

7. ಮಾರ್ಗದರ್ಶಕರ ಲಭ್ಯತೆ

ಪಿಎಚ್.ಡಿ. ಸ್ಥಾನಗಳ ಸಂಖ್ಯೆಯನ್ನು ಮಾರ್ಗದರ್ಶಕರ ಬಳಿ ಇರುವ ಖಾಲಿ ಸ್ಥಾನಗಳು ನಿರ್ಧರಿಸುತ್ತವೆ. ವಿನಿಯಮಗಳ ಪ್ರಕಾರ ಒಂದೇ ಸಮಯದಲ್ಲಿ ಪ್ರಾಧ್ಯಾಪಕರು ಗರಿಷ್ಠ 8, ಸಹ ಪ್ರಾಧ್ಯಾಪಕರು 6 ಮತ್ತು ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಉದಾಹರಣೆಗೆ, ಒಂದು ವಿಭಾಗದಲ್ಲಿ ಒಬ್ಬ ಪ್ರಾಧ್ಯಾಪಕರು ಮತ್ತು ಇಬ್ಬರು ಸಹಾಯಕ ಪ್ರಾಧ್ಯಾಪಕರು ಮಾರ್ಗದರ್ಶಕರಾಗಿದ್ದಲ್ಲಿ ಒಟ್ಟು 16 ಸ್ಥಾನಗಳಾಗುತ್ತವೆ. ಅವರಲ್ಲಿ ಈಗಾಗಲೇ 14 ಮಂದಿ ನೋಂದಾಯಿತರಾಗಿದ್ದಲ್ಲಿ ಆ ವರ್ಷ 2 ಸ್ಥಾನಗಳು ಮಾತ್ರ ಲಭ್ಯ. ಅವುಗಳಿಗೂ ಮೀಸಲಾತಿ ನಿಯಮ ಅನ್ವಯವಾಗುತ್ತದೆ. ನೂರಾರು ಅರ್ಜಿಗಳು ಬರುವ ವಿಭಾಗದಲ್ಲಿ ಉತ್ತಮ ಅಂಕ ಪಡೆದವರಿಗೂ ಸ್ಥಾನ ದೊರೆಯದಿರಲು ಇದು ಕಾರಣವಾಗಿರುತ್ತದೆ. ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವುದು ಇದೇ ಕಾರಣಕ್ಕೆ ಉಚಿತ.

ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಇರುವ ಅಧ್ಯಾಪಕರು ಹೊಸ ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಅಭ್ಯರ್ಥಿಗಳು ಮಾರ್ಗದರ್ಶಕರ ಸಂಶೋಧನಾ ಕ್ಷೇತ್ರ, ಖಾಲಿ ಸ್ಥಾನಗಳ ಸಂಖ್ಯೆ ಮತ್ತು ಸೇವಾವಧಿಯನ್ನು ವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು. ಮಾಹಿತಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರಡಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಿಗದಿತ ಶುಲ್ಕ ರೂ. 10ರೊಂದಿಗೆ ಅರ್ಜಿ ಸಲ್ಲಿಸಬಹುದು. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿರುವುದರಿಂದ ಇದನ್ನೂ ಅಧಿಸೂಚನೆಗೆ ಮೊದಲೇ ಮಾಡತಕ್ಕದ್ದು.

8. ಸಂಶೋಧನಾ ಪ್ರಸ್ತಾವನೆ

ಸಂದರ್ಶನದಲ್ಲಿ ಅಭ್ಯರ್ಥಿಯ ಸಂಶೋಧನಾ ಪ್ರಸ್ತಾವನೆಯ ಕುರಿತು ಚರ್ಚೆ ನಡೆಯುತ್ತದೆ. ಶೀರ್ಷಿಕೆ, ಸಮಸ್ಯೆಯ ವಿವರಣೆ, ಈ ಹಿಂದಿನ ಅಧ್ಯಯನಗಳ ಪರಾಮರ್ಶೆ, ಉದ್ದೇಶಗಳು, ಪ್ರಾಕ್ಕಲ್ಪನೆ, ಮಾಹಿತಿ ಸಂಗ್ರಹದ ವಿಧಾನ, ವ್ಯಾಪ್ತಿ ಮತ್ತು ಮಿತಿ, ಅಧ್ಯಾಯಗಳ ಯೋಜನೆ ಇವು ಅದರ ಮುಖ್ಯ ಭಾಗಗಳು.

ವಿಷಯದ ಆಯ್ಕೆಗೆ ಅಭ್ಯರ್ಥಿಗಳು ದೂರ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡು ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಾರುಕಟ್ಟೆ, ಗೌರಿಬಿದನೂರಿನ ಕೈಗಾರಿಕಾ ಘಟಕಗಳು, ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿ ವ್ಯಾಪಾರ, ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳು, ನಂದಿಬೆಟ್ಟ ಹಾಗೂ ಸ್ಕಂದಗಿರಿಯ ಪ್ರವಾಸೋದ್ಯಮ ಇವೆಲ್ಲವೂ ವಾಣಿಜ್ಯ ಮತ್ತು ನಿರ್ವಹಣೆಯ ಅಧ್ಯಯನಕ್ಕೆ ಯೋಗ್ಯವಾದ ಕ್ಷೇತ್ರಗಳಾಗಿವೆ. ಇವುಗಳನ್ನು ಹತ್ತಿರದಿಂದ ಬಲ್ಲ ಸ್ಥಳೀಯ ಅಭ್ಯರ್ಥಿಗೆ ಮಾಹಿತಿ ಸಂಗ್ರಹ ಸುಲಭವಾಗುತ್ತದೆ.

ಆದರೆ ವಿಷಯ ವಿಶಾಲವಾಗಿರಬಾರದು. 'ಕರ್ನಾಟಕದ ರೇಷ್ಮೆ ಉದ್ಯಮ: ಒಂದು ಅಧ್ಯಯನ' ಎಂಬ ಶೀರ್ಷಿಕೆಯಲ್ಲಿ ಏನನ್ನು ಕಂಡುಹಿಡಿಯಬೇಕೆಂಬುದು ತಿಳಿಯುವುದಿಲ್ಲ. ಗೂಡು ಖರೀದಿಗೆ ತಕ್ಷಣ ಹಣ ಪಾವತಿಸಿ, ನೂಲು ಮಾರಾಟವಾಗುವವರೆಗೆ ಕಾಯಬೇಕಾದ ಸಣ್ಣ ರೀಲರುಗಳು ದುಡಿಯುವ ಬಂಡವಾಳವನ್ನು ಎಲ್ಲಿಂದ, ಯಾವ ಬಡ್ಡಿಗೆ ತರುತ್ತಾರೆ, ಅದು ಅವರು ಹರಾಜಿನಲ್ಲಿ ಕೂಗುವ ಬೆಲೆಯ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದು ಸ್ಪಷ್ಟವಾದ ಸಂಶೋಧನಾ ಪ್ರಶ್ನೆ. ಇದಕ್ಕೆ ಉತ್ತರ ದೊರೆತಲ್ಲಿ ಗೂಡು ಬೆಳೆದ ರೈತರಿಗೂ, ಸಾಲ ನೀಡುವ ಬ್ಯಾಂಕುಗಳಿಗೂ ಉಪಯೋಗವಾಗುತ್ತದೆ. ಅದೇ ರೀತಿ, ಸ್ಕಂದಗಿರಿ ಚಾರಣಕ್ಕೆ ಬರುವವರು ಮಾಡುವ ವೆಚ್ಚದಲ್ಲಿ ಬೆಟ್ಟದ ತಪ್ಪಲಿನ ಗ್ರಾಮಗಳಿಗೆ ಎಷ್ಟು ಭಾಗ ಸೇರುತ್ತದೆ ಎಂಬುದೂ ಅಳತೆಗೆ ಸಿಗುವ ಪ್ರಶ್ನೆಯಾಗಿದೆ.

ಆಯ್ದ ವಿಷಯದಲ್ಲಿ ಈಗಾಗಲೇ ಸಂಶೋಧನೆ ನಡೆದಿದೆಯೇ ಎಂಬುದನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುವ 'ಶೋಧಗಂಗಾ' ಭಂಡಾರದಲ್ಲಿ ಉಚಿತವಾಗಿ ನೋಡಬಹುದು. ಭಾರತೀಯ ವಿಶ್ವವಿದ್ಯಾಲಯಗಳು ಅಂಗೀಕರಿಸಿದ ಮಹಾಪ್ರಬಂಧಗಳು ಅಲ್ಲಿ ಲಭ್ಯವಿವೆ.

9. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಅ) ಎಸ್.ಎಸ್.ಎಲ್.ಸಿ.ಯಿಂದ ಸ್ನಾತಕೋತ್ತರ ಪದವಿಯವರೆಗಿನ ಎಲ್ಲ ಅಂಕಪಟ್ಟಿಗಳು ಮತ್ತು ಪದವಿ ಪ್ರಮಾಣಪತ್ರಗಳು.
ಆ) ನೆಟ್, ಕೆ-ಸೆಟ್ ಅಥವಾ ಇತರ ಪರೀಕ್ಷೆಯ ಪ್ರಮಾಣಪತ್ರ ಇದ್ದಲ್ಲಿ.
ಇ) ಜಾತಿ ಮತ್ತು ಆದಾಯ ಪ್ರಮಾಣಪತ್ರ.
ಈ) ಅಂಗವಿಕಲರಾಗಿದ್ದಲ್ಲಿ ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರ.
ಉ) ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ವಲಸೆ ಪ್ರಮಾಣಪತ್ರ.
ಊ) ಉದ್ಯೋಗದಲ್ಲಿರುವವರಿಗೆ ನಿರಾಕ್ಷೇಪಣಾ ಪತ್ರ.
ಋ) ಸಂಶೋಧನಾ ಪ್ರಸ್ತಾವನೆ.

ಈ ದಾಖಲೆಗಳಲ್ಲಿ ಮೂರು ಸಂಗತಿಗಳು ಹೆಚ್ಚಿನ ತೊಂದರೆಗೆ ಕಾರಣವಾಗುತ್ತವೆ.

ಮೊದಲನೆಯದು, ಹಿಂದುಳಿದ ವರ್ಗಗಳ ಪ್ರಮಾಣಪತ್ರ. ನಾಡಕಚೇರಿಯಿಂದ ದೊರೆಯುವ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ರಾಜ್ಯದ ಮೀಸಲಾತಿಗೆ ಸಂಬಂಧಿಸಿವೆ. ನೆಟ್ ಪರೀಕ್ಷೆ ಹಾಗೂ ಕೇಂದ್ರ ಸಂಸ್ಥೆಗಳಿಗೆ ಇದು ಸಾಲದು. ಅಲ್ಲಿ ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂದು ತಿಳಿಸುವ ಪ್ರಮಾಣಪತ್ರ ಬೇಕು. ಅಭ್ಯರ್ಥಿಯ ಜಾತಿಯು ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರ ಪಟ್ಟಿಯಲ್ಲಿ ಇರಬೇಕು. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರವು ಆಯಾ ಆರ್ಥಿಕ ವರ್ಷಕ್ಕೆ ಸಂಬಂಧಿಸಿದ್ದು, ಪ್ರತಿ ವರ್ಷ ಹೊಸದಾಗಿ ಪಡೆಯಬೇಕಾಗುತ್ತದೆ.

ಎರಡನೆಯದು, ಹೆಸರಿನ ವ್ಯತ್ಯಾಸ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದ್ದು, ಆಧಾರ್‌ನಲ್ಲಿ ತಂದೆಯ ಅಥವಾ ಊರಿನ ಹೆಸರು ಪೂರ್ಣವಾಗಿ ಇರುವುದು ನಮ್ಮ ಭಾಗದಲ್ಲಿ ಸಾಮಾನ್ಯ. ವಿವಾಹಾನಂತರ ಹೆಸರು ಬದಲಾಯಿಸಿಕೊಂಡ ಮಹಿಳೆಯರಿಗೂ ಇದೇ ತೊಂದರೆ ಎದುರಾಗುತ್ತದೆ. ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಆಗಿರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು.

ಮೂರನೆಯದು, ವಿಶ್ವವಿದ್ಯಾಲಯದ ವಿಭಜನೆ. ಜಿಲ್ಲೆಯ ಹಿಂದಿನ ಪದವೀಧರರ ಪ್ರಮಾಣಪತ್ರಗಳು ಬೆಂಗಳೂರು ವಿಶ್ವವಿದ್ಯಾಲಯದ ಹೆಸರಿನಲ್ಲಿವೆ. ಕಾಲೇಜು ಈಗ ಬೇರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದರೂ, ವಲಸೆ ಪ್ರಮಾಣಪತ್ರ ಮತ್ತು ನಕಲು ಅಂಕಪಟ್ಟಿಗಳಿಗೆ ಪದವಿ ಪತ್ರದಲ್ಲಿ ಹೆಸರಿರುವ ವಿಶ್ವವಿದ್ಯಾಲಯಕ್ಕೇ ಅರ್ಜಿ ಸಲ್ಲಿಸತಕ್ಕದ್ದು.

ಮೂಲ ಪ್ರಮಾಣಪತ್ರಗಳನ್ನು ಯಾವುದೇ ಸಂಸ್ಥೆಯು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದು ಆಯೋಗವು 2018ರಲ್ಲಿ ಸೂಚಿಸಿದೆ.

10. ಅರೆಕಾಲಿಕ ಪಿಎಚ್.ಡಿ.

ಉದ್ಯೋಗದಲ್ಲಿರುವವರು ಅರೆಕಾಲಿಕವಾಗಿ ಪಿಎಚ್.ಡಿ. ಮಾಡಲು ಅವಕಾಶವಿದೆ. ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕರ್ತವ್ಯದ ಸ್ವರೂಪವು ಸಂಶೋಧನೆಗೆ ಸಾಕಷ್ಟು ಸಮಯ ನೀಡುತ್ತದೆ, ಅಗತ್ಯವಿದ್ದಲ್ಲಿ ಕೋರ್ಸ್‌ವರ್ಕ್ ಪೂರೈಸಲು ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂಬ ಮೂರು ಅಂಶಗಳು ನಿರಾಕ್ಷೇಪಣಾ ಪತ್ರದಲ್ಲಿ ಇರಬೇಕು. 'ಆಕ್ಷೇಪಣೆ ಇಲ್ಲ' ಎಂಬ ಒಂದು ಸಾಲಿನ ಪತ್ರ ಸಾಲದು. ಸರ್ಕಾರಿ ನೌಕರರು ನೇಮಕಾತಿ ಅಥವಾ ಸಕ್ಷಮ ಪ್ರಾಧಿಕಾರದಿಂದ ಪೂರ್ವಾನುಮತಿ ಪಡೆಯಬೇಕಾದುದರಿಂದ, ಕಡತ ವಿಲೇವಾರಿಗೆ ಬೇಕಾಗುವ ಅವಧಿಯನ್ನು ಗಮನದಲ್ಲಿಟ್ಟುಕೊಳ್ಳುವುದು.

ಅರೆಕಾಲಿಕ ಎಂದರೆ ದೂರಶಿಕ್ಷಣವಲ್ಲ. ದೂರಶಿಕ್ಷಣ ಅಥವಾ ಆನ್‌ಲೈನ್ ವಿಧಾನದಲ್ಲಿ ಪಿಎಚ್.ಡಿ. ನೀಡಲು ಯಾವುದೇ ಸಂಸ್ಥೆಗೆ ಅವಕಾಶವಿಲ್ಲ.

11. ನೋಂದಣಿಯ ನಂತರ

ಪ್ರವೇಶ ಪಡೆದವರು ಸಂಶೋಧನಾ ವಿಧಾನ ಹಾಗೂ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ವಿಷಯಗಳನ್ನು ಒಳಗೊಂಡ, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಅನ್ನು ಕನಿಷ್ಠ ಶೇ. 55 ಅಂಕಗಳೊಂದಿಗೆ ಪೂರೈಸಬೇಕು. ಪ್ರತಿ ಸೆಮಿಸ್ಟರಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕು.

ಪಿಎಚ್.ಡಿ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಪಡೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಹೆಚ್ಚುವರಿಯಾಗಿ 2 ವರ್ಷಗಳ ಸಡಿಲಿಕೆ ಇದೆ. ಒಟ್ಟು ಅವಧಿ 10 ವರ್ಷ ಮೀರುವಂತಿಲ್ಲ. ಮಹಿಳಾ ಸಂಶೋಧನಾರ್ಥಿಗಳಿಗೆ ಪೂರ್ಣ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ನೀಡಬಹುದು.

ಮಹಾಪ್ರಬಂಧದಲ್ಲಿ ಕೃತಿಚೌರ್ಯದ ಬಗ್ಗೆ 2018ರ ವಿನಿಯಮಗಳು ಅನ್ವಯಿಸುತ್ತವೆ. ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ. 10ರಿಂದ 40ರವರೆಗೆ ಇದ್ದಲ್ಲಿ ಗರಿಷ್ಠ 6 ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60ರವರೆಗೆ ಇದ್ದಲ್ಲಿ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60ನ್ನು ಮೀರಿದಲ್ಲಿ ನೋಂದಣಿಯೇ ರದ್ದಾಗುತ್ತದೆ.

12. ಆರ್ಥಿಕ ನೆರವು

ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಜನವರಿ 1ರಿಂದ ಅನ್ವಯವಾಗುವಂತೆ ಮೊದಲ ಎರಡು ವರ್ಷ ಮಾಸಿಕ ರೂ. 37,000 ಹಾಗೂ ನಂತರ ಹಿರಿಯ ಫೆಲೋಶಿಪ್ ಆಗಿ ಮಾಸಿಕ ರೂ. 42,000 ನಿಗದಿಪಡಿಸಲಾಗಿದೆ. ಇದಕ್ಕೆ ವಯೋಮಿತಿ 30 ವರ್ಷ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ಅಂಗವಿಕಲ ಹಾಗೂ ತೃತೀಯ ಲಿಂಗಿ ಅಭ್ಯರ್ಥಿಗಳಿಗೆ 5 ವರ್ಷಗಳ ಸಡಿಲಿಕೆ ಇದೆ. ಪರಿಶಿಷ್ಟ ಜಾತಿ ಮತ್ತು ಇತರೆ ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ರಾಜ್ಯದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಅಲ್ಪಸಂಖ್ಯಾತರ ನಿರ್ದೇಶನಾಲಯವು ಪೂರ್ಣಾವಧಿ ಪಿಎಚ್.ಡಿ. ವಿದ್ಯಾರ್ಥಿಗಳಿಂದ ಫೆಲೋಶಿಪ್‌ಗಾಗಿ ಅರ್ಜಿ ಆಹ್ವಾನಿಸುತ್ತವೆ. ಕೇಂದ್ರದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಸ್ಥಗಿತಗೊಂಡಿದೆ.

ಅಲ್ಪ ಆದಾಯದ ಕುಟುಂಬದ ಅಭ್ಯರ್ಥಿಗಳು ಫೆಲೋಶಿಪ್ ದೊರೆಯುವ ಮೊದಲೇ ಇರುವ ಉದ್ಯೋಗವನ್ನು ಬಿಡುವುದು ಸೂಕ್ತವಲ್ಲ.

13. ಎಚ್ಚರಿಕೆ

'ಪ್ರವೇಶ ಪರೀಕ್ಷೆ ಇಲ್ಲ', 'ಹಾಜರಾತಿ ಬೇಡ', 'ಮಹಾಪ್ರಬಂಧ ಬರೆದುಕೊಡಲಾಗುವುದು' ಎಂಬ ಭರವಸೆಗಳೊಂದಿಗೆ ಪಿಎಚ್.ಡಿ. ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಂದ ಸಾರ್ವಜನಿಕರು ದೂರವಿರತಕ್ಕದ್ದು. ನಿಯಮ ಪಾಲಿಸದ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು 2025-26ರಿಂದ ಐದು ವರ್ಷ ಪಿಎಚ್.ಡಿ. ಪ್ರವೇಶ ನೀಡದಂತೆ ಆಯೋಗವು 2025ರ ಜನವರಿಯಲ್ಲಿ ನಿರ್ಬಂಧಿಸಿದೆ. ಇಂತಹ ಪದವಿ ಪಡೆದವರ ಪ್ರಮಾಣಪತ್ರವನ್ನು ನೇಮಕಾತಿಯ ಪರಿಶೀಲನೆಯಲ್ಲಿ ಪ್ರಶ್ನಿಸಿದಾಗ, ಕಳೆದುಹೋದ ವರ್ಷಗಳು ಹಿಂದಿರುಗುವುದಿಲ್ಲ. ಶುಲ್ಕ ಪಾವತಿಸುವ ಮೊದಲು ಸಂಸ್ಥೆಯು ಆಯೋಗದ ಮಾನ್ಯತಾ ಪಟ್ಟಿಯಲ್ಲಿದೆಯೇ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇಲ್ಲವೇ ಎಂದು ನೋಡುವುದು. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೆ ಮಾತ್ರ ಪಾವತಿಸಿ ರಸೀದಿ ಪಡೆಯುವುದು.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆ-ಸೆಟ್ ಉತ್ತೀರ್ಣರಾದವರು ಪ್ರವೇಶ ಪರೀಕ್ಷೆ ಬರೆಯಬೇಕೇ?
ಉತ್ತರ: ವಿನಾಯಿತಿ ಇದೆಯೇ ಎಂಬುದು ವಿಶ್ವವಿದ್ಯಾಲಯದ ಅಧಿಸೂಚನೆಯನ್ನು ಅವಲಂಬಿಸಿದೆ. ಕೆ-ಸೆಟ್ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ರಾಜ್ಯಮಟ್ಟದ ಅರ್ಹತೆಯಾಗಿದ್ದು, ಇದರಿಂದ ಫೆಲೋಶಿಪ್ ದೊರೆಯುವುದಿಲ್ಲ.

ಪ್ರಶ್ನೆ: ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸುವುದು ಕಡ್ಡಾಯವೇ?
ಉತ್ತರ: 2016ರ ವಿನಿಯಮಗಳಲ್ಲಿ ಕಡ್ಡಾಯವಾಗಿತ್ತು. 2022ರ ವಿನಿಯಮಗಳಲ್ಲಿ ಕಡ್ಡಾಯವಿಲ್ಲ. ಆದರೂ ವಿಶ್ವವಿದ್ಯಾಲಯದ ಸ್ವಂತ ನಿಯಮವನ್ನು ನೋಡಿಕೊಳ್ಳುವುದು. ಹಣ ಪಡೆದು ಪರಿಶೀಲನೆ ಇಲ್ಲದೆ ಲೇಖನ ಪ್ರಕಟಿಸುವ ನಿಯತಕಾಲಿಕಗಳಿಂದ ಪ್ರಯೋಜನವಿಲ್ಲ.

ಪ್ರಶ್ನೆ: ವಿವಾಹದ ಕಾರಣ ಬೇರೆ ಊರಿಗೆ ಹೋಗಬೇಕಾದ ಮಹಿಳಾ ಸಂಶೋಧನಾರ್ಥಿಯ ನೋಂದಣಿ ರದ್ದಾಗುವುದೇ?
ಉತ್ತರ: ಇಲ್ಲ. ನಿಯಮಗಳಿಗೆ ಒಳಪಟ್ಟು, ಸಂಶೋಧನಾ ಮಾಹಿತಿಯೊಂದಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆಯಲು ಅವಕಾಶವಿದೆ.

ಪ್ರಶ್ನೆ: ಪ್ರವೇಶದಲ್ಲಿ ಅನ್ಯಾಯವಾದಲ್ಲಿ ಯಾರಿಗೆ ದೂರು ನೀಡಬೇಕು?
ಉತ್ತರ: ಆಯೋಗದ 2023ರ ವಿನಿಯಮಗಳಂತೆ ಮೊದಲು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ, ಪರಿಹಾರ ದೊರೆಯದಿದ್ದಲ್ಲಿ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಲಿಖಿತ ಮನವಿ ಸಲ್ಲಿಸಬಹುದು.

15. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಅರ್ಹತೆ, ಶುಲ್ಕ, ಮೀಸಲಾತಿ ಮತ್ತು ಕೊನೆಯ ದಿನಾಂಕಗಳಿಗೆ ಸಂಬಂಧಿಸಿದಂತೆ ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯೇ ಅಂತಿಮ. ಅಭ್ಯರ್ಥಿಗಳು ಪ್ರಮಾಣಪತ್ರಗಳು, ಮಾರ್ಗದರ್ಶಕರ ವಿವರ ಮತ್ತು ಸಂಶೋಧನಾ ಪ್ರಸ್ತಾವನೆ ಈ ಮೂರನ್ನು ಅಧಿಸೂಚನೆಗೆ ಕನಿಷ್ಠ ಆರು ತಿಂಗಳ ಮೊದಲೇ ಸಿದ್ಧಪಡಿಸಿಕೊಳ್ಳಲು ಕೋರಲಾಗಿದೆ.